ಹೀಬ್ರೂ ಶ್ರುತಿಯಲ್ಲಿ ಕಾಡುಮೃಗ

ಸಾಹಿತ್ಯದ ಪಾಠ ಹೇಳುವವರಿಗೂ ಕೇಳುವವರಿಗೂ ಬಹಳ ಅನುಕೂಲವಾದ ಅಭ್ಯಾಸವೊಂದುಂಟು. ಕಾವ್ಯದಲ್ಲಿ ಒಂದು ಪ್ರಾಣಿ ಕಾಣಿಸಿಕೊಂಡ ಕೂಡಲೆ ಅದರ ಎದುರಿಗೆ ಒಂದು ಗುಣದ ಹೆಸರನ್ನು ಬರೆದಿಟ್ಟುಬಿಡುವುದು: ಸಿಂಹವೆಂದರೆ ಶೌರ್ಯ, ನರಿಯೆಂದರೆ ಕಪಟ, ತೋಳವೆಂದರೆ ಕ್ರೌರ್ಯ. ಹೀಗೆ ಬರೆದಿಟ್ಟ ಮೇಲೆ ಪ್ರಾಣಿಯ ಕಡೆಗೆ ಮತ್ತೆ ತಿರುಗಿ ನೋಡುವ ಅಗತ್ಯ ಬೀಳುವುದಿಲ್ಲ. ಪರೀಕ್ಷೆಯ ಉತ್ತರಪತ್ರಿಕೆಗೆ ಇಷ್ಟು ಸಾಕು. ಕಾವ್ಯಕ್ಕೆ ಇಷ್ಟು ಸಾಲದು. ಈ ಅಭ್ಯಾಸದಿಂದ ಬಹಳ ನಷ್ಟವನ್ನು ಅನುಭವಿಸಿರುವ ಗ್ರಂಥಗಳಲ್ಲಿ ಯೆಹೂದ್ಯರ ಪ್ರಾಚೀನ ಹೀಬ್ರೂ ಶ್ರುತಿಯೂ ಒಂದು. ಕ್ರೈಸ್ತರು ಹಳೆಯ ಒಡಂಬಡಿಕೆಯೆಂದು ಕರೆಯುವ ಗ್ರಂಥಸಮುಚ್ಚಯವೇ ಅದು. ಅದರ ಕಾಡುಮೃಗಗಳಿಗೆ ಕೋಶದಲ್ಲಿ ಬರೆದಿಡುವಂಥ ಸ್ಥಿರವಾದ ಅರ್ಥಗಳಿಲ್ಲವೆಂಬುದೂ, ಹಾಗೆ ಇಲ್ಲದಿರುವುದೇ ಆ ಶ್ರುತಿಯ ಹಿರಿಮೆಗಳಲ್ಲಿ ಒಂದೆಂಬುದೂ ನನ್ನ ಅಭಿಪ್ರಾಯ. ಇದು ಕೇವಲ ರಸಿಕತೆಯ ಪ್ರಶ್ನೆಯಲ್ಲ. ಮೃಗಕ್ಕೆ ಒಂದು ಅರ್ಥವನ್ನು ಶಾಶ್ವತವಾಗಿ ಅಂಟಿಸಿದವರು ಮುಂದೆ ಆ ಮೃಗವನ್ನು ಮನುಷ್ಯರ ಹಣೆಗೂ ಅಂಟಿಸಿದ್ದಾರೆ. ಅದರ ಫಲವನ್ನು ಚರಿತ್ರೆ ಉಂಡಿದೆ.

ಮೊದಲು ಆ ನಾಡನ್ನು ನೆನೆಯಬೇಕು. ಮೆಡಿಟರೇನಿಯನ್ ಸಮುದ್ರಕ್ಕೂ ಯೊರ್ದನ್ ನದಿಗೂ ನಡುವಣ ಆ ಪ್ರದೇಶ ವಿಶಾಲವಾದುದಲ್ಲ. ಬೆಟ್ಟಸಾಲಿನ ಮೇಲೆ ದ್ರಾಕ್ಷಿಯ ತೋಟ, ಗೋದಿಯ ಹೊಲ. ಪೂರ್ವಕ್ಕೆ ತಿರುಗಿ ಕೆಲವು ಹರದಾರಿ ಇಳಿದರೆ ಮರುಭೂಮಿ. ಕೆಳಗೆ ಯೊರ್ದನಿನ ದಡದಲ್ಲಿ ಸಿಂಹಗಳು ಅಡಗುತ್ತಿದ್ದ ದಟ್ಟವಾದ ಪೊದೆಕಾಡು. ಕುರಿ ಕಾಯುವವನಿಗೆ ಕರಡಿಯಾಗಲಿ ತೋಳವಾಗಲಿ ಕಥೆಯ ಮಾತಲ್ಲ, ಇರುಳಿನ ಮಾತು. ಇಂಥ ನಿತ್ಯಪರಿಚಯದ ಗುರುತು ಭಾಷೆಯಲ್ಲಿಯೇ ಉಳಿದಿದೆ. ಸಿಂಹಕ್ಕೆ ಹೀಬ್ರೂವಿನಲ್ಲಿ ಅರ್ಯೇ, ಕೆಫೀರ್, ಲಾವೀ, ಲಯಿಶ್, ಶಹಲ್ ಎಂದು ಹಲವು ಹೆಸರುಗಳು. ಒಟ್ಟಿನಲ್ಲಿ ಸಿಂಹದ ಪ್ರಸ್ತಾಪ ಆ ಶ್ರುತಿಯಲ್ಲಿ ಸುಮಾರು 150 ಕಡೆ ಬರುತ್ತದೆ. ಇನ್ನು ಕಾಡುಮೃಗವೆಂಬ ಸಾಮಾನ್ಯಾರ್ಥದಲ್ಲಿ ಬರುವ ಮಾತು ‘ಹಯ್ಯಾ’. ‘ಬದುಕಿರುವುದು’ ಎಂಬುದೇ ಅದರ ಮೂಲಾರ್ಥ. ಮನೆಯ ದನಕರುಗಳನ್ನು ಸಾಮಾನ್ಯವಾಗಿ ‘ಬೆಹೆಮಾ’ ಎಂದು ಕರೆದ ಆ ಭಾಷೆ, ಮನುಷ್ಯನ ಅಂಕೆಗೆ ಬಾರದ ಪ್ರಾಣಿಯನ್ನು ಬಯಲಿನ ಜೀವವೆಂದು ಕರೆಯಿತು. ನಾವು ದುಷ್ಟಮೃಗ, ಕ್ರೂರಮೃಗ ಎನ್ನುವ ಕಡೆ ಅವರು ಹಲವು ವೇಳೆ ಸುಮ್ಮನೆ ಜೀವವೆಂದರು ಎಂಬುದನ್ನು ವಾಚಕರು ಗಮನಿಸಬೇಕು.

ನಾವು ಪಂಚತಂತ್ರದ ಸಂಸ್ಕಾರದಲ್ಲಿ ಬೆಳೆದವರು. ದುರ್ಗಸಿಂಹನ ಕಾಲದಿಂದ, ಎಂದರೆ ಹನ್ನೊಂದನೆಯ ಶತಮಾನದಿಂದ, ಕನ್ನಡದಲ್ಲಿಯೂ ಮೃಗಗಳು ರಾಜನೀತಿಯನ್ನು ಚರ್ಚಿಸುತ್ತ ಬಂದಿವೆ. ಅಲ್ಲಿ ಸಿಂಹ ಅರಸ, ನರಿ ಮಂತ್ರಿ. ಮೃಗದ ಚರ್ಮವನ್ನು ಹೊದ್ದು ಮಾತನಾಡುವವನು ಮನುಷ್ಯನೇ. ಅದೊಂದು ಸೊಗಸಾದ ಕಲೆ. ಆದರೆ ಹೀಬ್ರೂ ಶ್ರುತಿಯ ದಾರಿ ಬೇರೆ. ಅಷ್ಟು ದೊಡ್ಡ ಗ್ರಂಥದ ಕಥಾಭಾಗಗಳಲ್ಲೆಲ್ಲ ಬಾಯಿ ತೆರೆದು ಮಾತನಾಡುವ ಪ್ರಾಣಿಗಳು ಎರಡೇ: ಏದೆನ್ ತೋಟದ ಸರ್ಪ, ಬಿಳಾಮನ ಹೆಣ್ಣುಕತ್ತೆ. ಉಳಿದ ಮೃಗಗಳು ಗರ್ಜಿಸುತ್ತವೆ, ಹಸಿಯುತ್ತವೆ, ಬೇಟೆಯಾಡುತ್ತವೆ, ಈಯುತ್ತವೆ, ಉಪದೇಶ ಮಾಡುವುದಿಲ್ಲ. ಪಂಚತಂತ್ರವನ್ನು ಓದುವ ಕಣ್ಣಿನಿಂದ ಇವುಗಳನ್ನು ಓದಿದರೆ ನಮಗೆ ದೊರೆಯುವುದು ನಮ್ಮ ನೆರಳೇ ಹೊರತು ಅವುಗಳ ಆಕಾರವಲ್ಲ.

ಹಾಗಾದರೆ ಅಲ್ಲಿ ಪ್ರತೀಕವೇ ಇಲ್ಲವೆ? ಧಾರಾಳವಾಗಿ ಇದೆ. ಆದಿಕಾಂಡದ ಕೊನೆಯಲ್ಲಿ ಮುದುಕನಾದ ಯಾಕೋಬನು ಮಕ್ಕಳನ್ನು ಕರೆದು ಅವರ ಮುಂದಿನ ಗತಿಯನ್ನು ನುಡಿಯುವಾಗ ಯೆಹೂದನನ್ನು ಸಿಂಹದ ಮರಿಯೆನ್ನುತ್ತಾನೆ. ಬೆನ್ಯಾಮೀನನನ್ನು ಹರಿದು ತಿನ್ನುವ ತೋಳವೆನ್ನುತ್ತಾನೆ. ದಾನನನ್ನು ದಾರಿಯ ಬದಿಯ ಹಾವೆನ್ನುತ್ತಾನೆ. ನಫ್ತಾಲಿಯನ್ನು ಬಿಡುಗಡೆ ಹೊಂದಿದ ಹೆಣ್ಣುಜಿಂಕೆಯೆನ್ನುತ್ತಾನೆ. ಇವು ಕುಲಗಳ ಲಾಂಛನಗಳು. ಯೆಹೂದದ ಸಿಂಹ ಇಂದಿಗೂ ಜೆರೂಸಲೇಮ್ ನಗರದ ಲಾಂಛನದಲ್ಲಿ ನಿಂತಿದೆ. ಇದರಿಂದ ಸಿಂಹವೆಂದರೆ ರಾಜತ್ವ, ತೋಳವೆಂದರೆ ಶತ್ರುತ್ವ ಎಂದು ಯಾರಾದರೂ ಬರೆದುಕೊಂಡರೆ ಮುಂದಿನ ಪುಟಗಳು ಅವರನ್ನು ಕಷ್ಟಕ್ಕೆ ಈಡುಮಾಡುತ್ತವೆ. ಇಲ್ಲಿ ತೋಳವೂ ಮನೆಯ ಮಗನೇ ಅಲ್ಲವೆ?

ಪ್ರವಾದಿಗಳ ಬಳಿಗೆ ಬಂದರೆ ಈ ಕಷ್ಟ ಇನ್ನೂ ಹೆಚ್ಚುತ್ತದೆ. ಆಮೋಸನು ಕ್ರಿ. ಪೂ. ಎಂಟನೆಯ ಶತಮಾನದವನು, ತೆಕೋವದ ಕುರಿಗಾರರಲ್ಲಿ ಒಬ್ಬನು. ದೇವರ ಮಾತು ತನ್ನನ್ನು ಹಿಡಿದ ಬಗೆಯನ್ನು ಹೇಳಬೇಕಾದಾಗ ಅವನಿಗೆ ನೆನಪಾಗುವುದು ಸಿಂಹದ ಗರ್ಜನೆ: ಅದನ್ನು ಕೇಳಿ ಹೆದರದವನು ಯಾರು? ಆದರೆ ಅದೇ ಅಧ್ಯಾಯದಲ್ಲಿ ಸಮಾರ್ಯದ ಭೋಗಿಗಳಿಗೆ ಒದಗುವ ‘ರಕ್ಷಣೆ’ಯನ್ನು ವರ್ಣಿಸುವಾಗ ಸಿಂಹದ ಬಾಯಿಂದ ಕುರಿಗಾರನು ಎರಡು ಕಾಲನ್ನೋ ಕಿವಿಯ ಚೂರನ್ನೋ ಬಿಡಿಸಿಕೊಂಡು ಬರುವ ಚಿತ್ರವನ್ನು ಕೊಡುತ್ತಾನೆ. ಈ ಚಿತ್ರದ ಕಹಿ ತಿಳಿಯಬೇಕಾದರೆ ಅಂದಿನ ನ್ಯಾಯ ತಿಳಿದಿರಬೇಕು. ಇನ್ನೊಬ್ಬನ ಕುರಿಯನ್ನು ಕಾಯುವವನು, ಮೃಗವು ಅದನ್ನು ಕೊಂದರೆ, ಸೀಳಿಹೋದ ದೇಹವನ್ನು ಸಾಕ್ಷಿಯಾಗಿ ತಂದು ತೋರಿಸಬೇಕು. ಆಗ ಅವನು ಬದಲು ಕೊಡಬೇಕಾಗಿಲ್ಲ. ವಿಮೋಚನಕಾಂಡದಲ್ಲಿ ಈ ವಿಧಿ ಇದೆ. ಕಿವಿಯ ಚೂರು ರಕ್ಷಣೆಯ ಗುರುತಲ್ಲ, ಸಾವಿನ ಪ್ರಮಾಣಪತ್ರ. ಆಮೋಸನ ಸಿಂಹದ ಅರ್ಥ ಕೋಶದಿಂದ ಬಂದುದಲ್ಲ, ಕುರಿಹಟ್ಟಿಯಿಂದ ಬಂದುದು.

ಅವನ ಸಮೀಪಕಾಲೀನನಾದ ಹೋಶೇಯನು ಇನ್ನೂ ಧೈರ್ಯವಂತ. ಅವನ ಗ್ರಂಥದಲ್ಲಿ ದೇವರೇ ಸಿಂಹವಾಗಿ, ದಾರಿಯಲ್ಲಿ ಹೊಂಚುಹಾಕುವ ಚಿರತೆಯಾಗಿ, ಮರಿಗಳನ್ನು ಕಳೆದುಕೊಂಡ ಕರಡಿಯಾಗಿ ತನ್ನ ಜನರ ಮೇಲೆ ಬೀಳುತ್ತಾನೆ. ಆದರೆ ಅದೇ ಗ್ರಂಥದ ಇನ್ನೊಂದು ಕಡೆ ದೇವರು ಸಿಂಹದಂತೆ ಗರ್ಜಿಸಿದಾಗ ದೂರದೇಶದಲ್ಲಿ ಚದರಿಹೋಗಿದ್ದ ಮಕ್ಕಳು ನಡುಗುತ್ತ ಮನೆಗೆ ಹಿಂದಿರುಗುತ್ತಾರೆ. ಒಂದೇ ಗರ್ಜನೆ, ಒಮ್ಮೆ ಸಾವು, ಒಮ್ಮೆ ತವರಿನ ಕರೆ. ಇದನ್ನು ಯಾವ ಪಟ್ಟಿಯಲ್ಲಿ ಸೇರಿಸುವುದು?

ಸಾಮ್ರಾಜ್ಯಗಳ ಮಾತು ಬಂದಾಗ ಸಿಂಹ ಮತ್ತೆ ಪಕ್ಷ ಬದಲಾಯಿಸುತ್ತದೆ. ಯೆರೆಮೀಯನ ಕಣ್ಣಿಗೆ ಇಸ್ರಾಯೇಲು ಚದರಿದ ಕುರಿ. ಅದನ್ನು ಮೊದಲು ತಿಂದ ಸಿಂಹ ಅಶ್ಶೂರದ ಅರಸ, ಆಮೇಲೆ ಎಲುಬು ಕಡಿದವನು ಬಾಬೆಲಿನ ಅರಸ. ಈ ರೂಪಕ ಹೀಬ್ರೂ ಕವಿಗಳ ಕಲ್ಪನೆಯಿಂದ ಮಾತ್ರ ಹುಟ್ಟಿದುದಲ್ಲ. ಆ ಅರಸರಿಗೂ ಸಿಂಹದ ಗೀಳು ಇತ್ತು. ಕ್ರಿ. ಪೂ. 645ರ ಸುಮಾರಿಗೆ ನಿನೆವೆಯ ಅರಮನೆಯಲ್ಲಿ ಅಶ್ಶುರ್‌ಬಾನಿಪಾಲನು ಕೆತ್ತಿಸಿದ ಸಿಂಹದ ಬೇಟೆಯ ಶಿಲಾಫಲಕಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಪಂಜರದಿಂದ ಹೊರಗೆ ಬಿಟ್ಟ ಸಿಂಹಗಳು, ರಥದ ಮೇಲೆ ನಿಂತ ಅರಸ, ಬಾಣಗಳು ನೆಟ್ಟು ಹಿಂಗಾಲುಗಳನ್ನು ಎಳೆಯುತ್ತ ಸಾಯುತ್ತಿರುವ ಹೆಣ್ಣುಸಿಂಹ. ಸಿಂಹವನ್ನು ಕೊಲ್ಲುವುದು ಅಲ್ಲಿ ರಾಜಧರ್ಮದ ಪ್ರದರ್ಶನವಾಗಿತ್ತು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಪ್ರವಾದಿ ನಹೂಮನನ್ನು ಓದಬೇಕು. ಮರಿಗಳಿಗೆ ಬೇಟೆಯನ್ನು ತಂದು ತುಂಬುತ್ತಿದ್ದ ಸಿಂಹಗಳ ಗವಿ ಈಗ ಎಲ್ಲಿ ಎಂದು ಅವನು ನಿನೆವೆಯನ್ನು ಕುರಿತು ಕೇಳುತ್ತಾನೆ. ಆ ನಗರ ಕ್ರಿ. ಪೂ. 612ರಲ್ಲಿ ಬಿದ್ದಿತು. ಬೇಟೆಗಾರನೆಂದು ಮೆರೆದವನನ್ನೇ ಕವಿ ಬೇಟೆಯ ಸ್ಥಾನದಲ್ಲಿ ನಿಲ್ಲಿಸಿಬಿಟ್ಟ.

ಹಾಳಾದ ನಗರಗಳ ಚಿತ್ರದಲ್ಲಿಯೂ ಮೃಗಗಳಿವೆ. ಯೆಶಾಯನ ಗ್ರಂಥದಲ್ಲಿ ಬಾಬೆಲೂ ಎದೋಮೂ ಪಾಳುಬಿದ್ದಾಗ ನರಿಗಳು ಅರಮನೆಗಳಲ್ಲಿ ಊಳಿಡುತ್ತವೆ, ಗೂಬೆಗಳು ಗೂಡು ಕಟ್ಟುತ್ತವೆ. ಇದು ಶಾಪದ ಚಿತ್ರವೆಂಬುದು ನಿಜ. ಆದರೆ ಶಾಪ ಯಾರಿಗೆ? ಅರಮನೆಯವರಿಗೆ. ಮೃಗಕ್ಕೆ ಅದು ವಾಸಸ್ಥಾನ. ಅದೇ ಗ್ರಂಥದ ಹನ್ನೊಂದನೆಯ ಅಧ್ಯಾಯದಲ್ಲಿ ನ್ಯಾಯವಂತನಾದ ಅರಸನ ಆಳಿಕೆಯನ್ನು ಕನಸುವಾಗ ತೋಳವು ಕುರಿಮರಿಯೊಡನೆ ವಾಸಿಸುತ್ತದೆ, ಚಿರತೆ ಮೇಕೆಯ ಮರಿಯೊಡನೆ ಮಲಗುತ್ತದೆ, ಸಿಂಹ ಎತ್ತಿನಂತೆ ಹುಲ್ಲು ತಿನ್ನುತ್ತದೆ. ಸಿಂಹವೂ ಕುರಿಮರಿಯೂ ಜೊತೆಯಾಗಿ ಮಲಗುತ್ತವೆಂದು ಲೋಕದಲ್ಲಿ ಮಾತು ನಡೆದುಬಂದಿದೆ. ಮೂಲದಲ್ಲಿ ಕುರಿಮರಿಯ ಜೊತೆಗಾರ ಸಿಂಹವಲ್ಲ, ತೋಳ. ಪ್ರತೀಕವನ್ನು ಬಾಯಿಪಾಠ ಮಾಡಿದವರು ಮೂಲವನ್ನು ಮತ್ತೆ ತೆರೆದು ನೋಡುವುದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ದೃಷ್ಟಾಂತ ಬೇಕಾಗಿಲ್ಲ. ಆ ಕನಸಿನಲ್ಲಿಯೂ ತೋಳವನ್ನು ಕೊಂದು ಶಾಂತಿಯನ್ನು ತರುವ ಮಾತಿಲ್ಲ ಎಂಬುದು ಗಮನಾರ್ಹ.

ಇನ್ನು ದಾನಿಯೇಲನ ಗ್ರಂಥ. ಅದರ ಏಳನೆಯ ಅಧ್ಯಾಯದಲ್ಲಿ ಸಮುದ್ರದಿಂದ ನಾಲ್ಕು ಮೃಗಗಳು ಏರಿಬರುತ್ತವೆ: ಹದ್ದಿನ ರೆಕ್ಕೆಯ ಸಿಂಹ, ಬಾಯಲ್ಲಿ ಮೂರು ಪಕ್ಕೆಲುಬು ಕಚ್ಚಿಕೊಂಡ ಕರಡಿ, ನಾಲ್ಕು ತಲೆಯ ಚಿರತೆ, ಮತ್ತು ಹೆಸರೇ ಇಲ್ಲದ, ಕಬ್ಬಿಣದ ಹಲ್ಲಿನ, ಹತ್ತು ಕೊಂಬಿನ ಇನ್ನೊಂದು. ನಾಲ್ಕೂ ನಾಲ್ಕು ರಾಜ್ಯಗಳೆಂದು ಗ್ರಂಥವೇ ಹೇಳುತ್ತದೆ. ಕ್ರಿ. ಪೂ. 167ರಿಂದ 164ರವರೆಗೆ, ನಾಲ್ಕನೆಯ ಅಂತಿಯೋಕನು ಯೆಹೂದ್ಯರನ್ನು ಹಿಂಸಿಸುತ್ತಿದ್ದ ಕಾಲದಲ್ಲಿ ಈ ದರ್ಶನಕ್ಕೆ ಈಗಿನ ರೂಪ ಬಂದಿತೆಂಬುದು ಬಹುಮಂದಿ ವಿದ್ವಾಂಸರ ಮತ. ಹಿಂಸೆಗೆ ಒಳಗಾದ ಜನಕ್ಕೆ ಈ ದರ್ಶನ ಕೊಟ್ಟ ಧೈರ್ಯವನ್ನು ಅಲ್ಲಗಳೆಯುವಂತಿಲ್ಲ. ಆದರೆ ಇಲ್ಲಿ ಒಂದು ಬದಲಾವಣೆ ನಡೆದುಹೋಯಿತು. ಹೋಶೇಯನ ಸಿಂಹ, ಚಿರತೆ, ಕರಡಿಗಳು ಕಾಡಿನಿಂದ ಬಂದವು. ದಾನಿಯೇಲನ ಮೃಗಗಳು ಯಾವ ಕಾಡಿನಲ್ಲಿಯೂ ಇಲ್ಲ. ಅವು ಹಸಿಯುವುದಿಲ್ಲ, ಮರಿಗಳನ್ನು ಸಾಕುವುದಿಲ್ಲ. ಅವು ಬರಿಯ ಅರ್ಥಗಳು.

ಬರಿಯ ಅರ್ಥವಾದದ್ದನ್ನು ಯಾರು ಬೇಕಾದರೂ ಎತ್ತಿಕೊಳ್ಳಬಹುದು. ಕ್ರಿ. ಶ. ಒಂದನೆಯ ಶತಮಾನದ ಕೊನೆಗೆ ಯೆಹೂದ್ಯ ಲೇಖಕನೊಬ್ಬನು ನಾಲ್ಕನೆಯ ಮೃಗವನ್ನು ರೋಮ್ ಸಾಮ್ರಾಜ್ಯವೆಂದು ಹೊಸದಾಗಿ ಅರ್ಥಮಾಡಿದನು. 1529ರಲ್ಲಿ ಮಾರ್ಟಿನ್ ಲೂಥರನು ಅದೇ ಮೃಗದ ಚಿಕ್ಕ ಕೊಂಬನ್ನು ತುರ್ಕರ ರಾಜ್ಯವೆಂದನು. ಒಂದೊಂದು ತಲೆಮಾರೂ ತನ್ನ ಹಗೆಯ ಹೆಸರನ್ನು ಆ ಮೃಗದ ಮೇಲೆ ಬರೆಯಿತು. ಎದುರಿನವನು ಮೃಗವೆಂದು ನಿಶ್ಚಯವಾದ ಮೇಲೆ ಅವನೊಡನೆ ಮಾತಿನ ಅಗತ್ಯವೇನು? ಆಯುಧವೊಂದೇ ಸಾಕು.

ಇದಕ್ಕೆ ಮದ್ದು ಅದೇ ಶ್ರುತಿಯಲ್ಲಿಯೇ ಇದೆ. ಅದು ಯೋಬನ ಗ್ರಂಥ. ನಿರಪರಾಧಿಯಾದ ಯೋಬನು ಮಕ್ಕಳನ್ನೂ ಸಂಪತ್ತನ್ನೂ ಆರೋಗ್ಯವನ್ನೂ ಕಳೆದುಕೊಂಡು ಬೂದಿಯಲ್ಲಿ ಕುಳಿತಿದ್ದಾನೆ. ಸಮಾಧಾನ ಹೇಳಲು ಬಂದ ಸ್ನೇಹಿತರಲ್ಲಿ ಮೊದಲನೆಯವನಾದ ಎಲೀಫಜನು ದುಷ್ಟರಿಗೆ ನಾಶ ತಪ್ಪದೆಂಬ ಸಿದ್ಧಾಂತವನ್ನು ಮಂಡಿಸುತ್ತ ಸಿಂಹದ ದೃಷ್ಟಾಂತವನ್ನು ಎತ್ತಿಕೊಳ್ಳುತ್ತಾನೆ. ಎರಡೇ ವಚನಗಳಲ್ಲಿ ಸಿಂಹದ ಐದು ಹೆಸರುಗಳನ್ನೂ ಬಳಸಿ, ಅವುಗಳ ಹಲ್ಲು ಮುರಿಯುವುದನ್ನೂ, ಬೇಟೆಯಿಲ್ಲದೆ ಅವು ಸಾಯುವುದನ್ನೂ, ಮರಿಗಳು ಚದರುವುದನ್ನೂ ಹೇಳುತ್ತಾನೆ. ಅಚ್ಚುಕಟ್ಟಾದ ಪ್ರತೀಕ: ಸಿಂಹವೆಂದರೆ ದುಷ್ಟ. ಕೇಳುತ್ತಿರುವವನು ಮಕ್ಕಳನ್ನು ಕಳೆದುಕೊಂಡ ತಂದೆಯೆಂಬುದು ಎಲೀಫಜನಿಗೆ ತೋರುವುದಿಲ್ಲ.

ಮೂವತ್ತಕ್ಕೂ ಹೆಚ್ಚು ಅಧ್ಯಾಯಗಳಾದ ಮೇಲೆ ಬಿರುಗಾಳಿಯೊಳಗಿಂದ ದೇವರು ಮಾತನಾಡುತ್ತಾನೆ. ಭೂಮಿ, ಸಮುದ್ರ, ನಕ್ಷತ್ರಗಳ ಮಾತು ಮುಗಿದು ಪ್ರಾಣಿಗಳ ಮಾತು ಬಂದಾಗ ಮೊದಲು ಹೆಸರಿಸುವುದು ಯಾವುದನ್ನು? ಸಿಂಹವನ್ನು. ಸಿಂಹಕ್ಕೆ ಬೇಟೆಯನ್ನು ಒದಗಿಸಿ ಅದರ ಮರಿಗಳ ಹಸಿವನ್ನು ತೀರಿಸುವವನು ನೀನೋ ಎಂಬುದು ಪ್ರಶ್ನೆ. ಎಲೀಫಜನು ಬಳಸಿದ್ದ ಹೆಸರುಗಳಲ್ಲಿಯೇ ಎರಡು ಇಲ್ಲಿ ಮತ್ತೆ ಬರುತ್ತವೆ. ಇದನ್ನು ಆಕಸ್ಮಿಕವೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಸ್ನೇಹಿತನಿಗೆ ದುಷ್ಟತನದ ಗುರುತಾಗಿದ್ದ ಮೃಗ ದೇವರ ಬಾಯಲ್ಲಿ ಹಸಿದ ಜೀವ, ಅಷ್ಟೆ. ಅದರ ಊಟದ ಹೊಣೆ ಸೃಷ್ಟಿಕರ್ತನದು. ಪ್ರತೀಕ ಕಳಚಿಬಿದ್ದು ಪ್ರಾಣಿ ಎದ್ದು ನಿಂತಿತು.

ಆಮೇಲಿನದು ಒಂದು ಮೆರವಣಿಗೆ. ಬೆಟ್ಟದ ಕಾಡುಮೇಕೆ ಯಾವ ತಿಂಗಳಲ್ಲಿ ಈಯುತ್ತದೆಂಬುದನ್ನು ಮನುಷ್ಯನು ಬಲ್ಲನೆ? ಕಾಡುಕತ್ತೆಯ ಕಟ್ಟನ್ನು ಬಿಚ್ಚಿದವರು ಯಾರು? ಅದು ಪಟ್ಟಣದ ಗದ್ದಲವನ್ನು ಕಂಡು ನಗುತ್ತದೆ. ಕಾಡಿನ ಎತ್ತು ನಿನ್ನ ಕೊಟ್ಟಿಗೆಯಲ್ಲಿ ರಾತ್ರಿ ಕಳೆದು ನಿನ್ನ ಹೊಲವನ್ನು ಉತ್ತೀತೆ? ಉಷ್ಟ್ರಪಕ್ಷಿಗೆ ವಿವೇಕವಿಲ್ಲದಿರಬಹುದು, ಆದರೆ ಅದು ಎದ್ದು ಓಡಿದಾಗ ಕುದುರೆಯನ್ನೂ ಸವಾರನನ್ನೂ ನೋಡಿ ನಗುತ್ತದೆ. ಇವುಗಳಲ್ಲಿ ಯಾವುದೂ ಮನುಷ್ಯನ ಉಪಯೋಗಕ್ಕಾಗಲಿ ಉಪದೇಶಕ್ಕಾಗಲಿ ನಿಂತಿಲ್ಲ. ತನ್ನ ದುಃಖಕ್ಕೆ ಅರ್ಥ ಕೇಳಿದ ಯೋಬನಿಗೆ ದೊರೆತ ಉತ್ತರ, ಅರ್ಥದ ಹಂಗಿಲ್ಲದೆ ಬದುಕುವ ಜೀವಗಳ ದರ್ಶನ. ಇದು ಉತ್ತರವೇ ಅಲ್ಲವೆಂದು ಹೇಳುವವರಿದ್ದಾರೆ. ಆದರೆ ಲೋಕದಲ್ಲಿರುವುದೆಲ್ಲ ನಮ್ಮ ಪಾಪಪುಣ್ಯಗಳ ಲೆಕ್ಕಕ್ಕಾಗಿಯೇ ಇದೆಯೆಂಬ ಎಲೀಫಜನ ವಾದವನ್ನು ಇದು ಬುಡಸಹಿತ ಕೀಳುತ್ತದೆಂಬುದನ್ನು ಅವರೂ ಒಪ್ಪಬೇಕು.

ಕಾಡುಕತ್ತೆಯ ಮಾತನ್ನು ಇನ್ನಷ್ಟು ವಿಚಾರಿಸಬಹುದು. ಆದಿಕಾಂಡದಲ್ಲಿ ಹಾಗರಳ ಮಗನಾದ ಇಷ್ಮಾಯೇಲನು ಕಾಡುಕತ್ತೆಯಂಥ ಮನುಷ್ಯನಾಗುವನೆಂಬ ಮಾತಿದೆ. ಅರಬರು ತಮ್ಮ ಪೂರ್ವಿಕನೆಂದು ಗೌರವಿಸುವ ಆತನ ಮೇಲಿನ ಈ ಮಾತನ್ನು ನಿಂದೆಯೆಂದು ತೆಗೆದುಕೊಂಡು ಒಂದು ಜನಾಂಗದ ಸ್ವಭಾವಕ್ಕೇ ಅನ್ವಯಿಸಿದ ವ್ಯಾಖ್ಯಾನಗಳಿಗೆ ಕೊರತೆಯಿಲ್ಲ. ಯೋಬನ ಗ್ರಂಥವನ್ನು ಓದಿದವನಿಗೆ ಕಾಡುಕತ್ತೆಯೆಂದರೆ ಯಾರ ಕೂಗಿಗೂ ಬಾಗದ, ಉಪ್ಪುನೆಲವನ್ನೇ ಮನೆಮಾಡಿಕೊಂಡ ಸ್ವತಂತ್ರಜೀವಿ. ದಾಸಿಯ ಹೊಟ್ಟೆಯಲ್ಲಿ ಹುಟ್ಟಲಿರುವ ಮಗುವಿಗೆ ಇದಕ್ಕಿಂತ ದೊಡ್ಡ ಆಶೀರ್ವಾದವುಂಟೆ? ಮೃಗವನ್ನು ಅರಿಯದವನು ಬೈಗುಳವೆಂದು ಓದಿದುದನ್ನು ಮೃಗವನ್ನು ಅರಿತವನು ಹರಕೆಯೆಂದು ಓದುತ್ತಾನೆ.

ಅರಿವು ತಪ್ಪಿದಾಗ ಭಾಷಾಂತರವೂ ತಪ್ಪುತ್ತದೆ. ಮೇಲೆ ಹೇಳಿದ ಕಾಡಿನ ಎತ್ತಿಗೆ ಹೀಬ್ರೂವಿನಲ್ಲಿ ‘ರೆಏಮ್’ ಎಂದು ಹೆಸರು. ಪ್ರಾಚೀನ ಗ್ರೀಕ್ ಅನುವಾದಕರು ಅದನ್ನು ಒಂಟಿಕೊಂಬಿನ ಮೃಗವೆಂದರು. 1611ರ ಇಂಗ್ಲಿಷ್ ಅನುವಾದದಲ್ಲಿಯೂ ಅದು ಕಟ್ಟುಕಥೆಯ ಯೂನಿಕಾರ್ನ್ ಆಗಿಯೇ ಉಳಿಯಿತು. ಧರ್ಮೋಪದೇಶಕಾಂಡದಲ್ಲಿ ಒಂದೇ ರೆಏಮಿಗೆ ‘ಕೊಂಬುಗಳು’ ಎಂದು ಬಹುವಚನ ಬಂದಾಗ ಇಂಗ್ಲಿಷಿನವರು ಪ್ರಾಣಿಯನ್ನೇ ಬಹುವಚನ ಮಾಡಿ ತೊಡಕಿನಿಂದ ಪಾರಾದರು. ಅದು ನಮ್ಮ ಕಾಡುಕೋಣವನ್ನು ನೆನಪಿಗೆ ತರುವ, ಎರಡು ಕೊಂಬಿನ ಔರಾಕ್ಸ್ ಎಂಬ ಭಾರಿ ಕಾಡೆತ್ತೆಂದು ಈಚಿನ ವಿದ್ವಾಂಸರು ಗುರುತಿಸಿದ್ದಾರೆ. ಅದರ ಕುಲದ ಕೊನೆಯದು ಪೋಲೆಂಡಿನಲ್ಲಿ 1627ರಲ್ಲಿ ಸತ್ತಿತು. ಹಾಗೆಯೇ ‘ನೆಶೆರ್’ ಎಂಬ ಹಕ್ಕಿ. ದೇವರು ತನ್ನ ಜನರನ್ನು ಹೊತ್ತು ತಂದ ರೆಕ್ಕೆ ಅದರದು. ಆದರೆ ಮೀಕನು ಅದರ ಬೋಳುತಲೆಯನ್ನು ಹೇಳುತ್ತಾನೆ. ಬೋಳುತಲೆಯ ಹಕ್ಕಿ ರಣಹದ್ದೇ ಹೊರತು ಗರುಡವಲ್ಲ. ಕನ್ನಡದಲ್ಲಿ ಗರುಡವೆಂದರೆ ವಿಷ್ಣುವಿನ ವಾಹನ ನೆನಪಾಗುತ್ತದೆ, ರಣಹದ್ದೆಂದರೆ ಹೆಣ. ಯಾವ ಮಾತನ್ನು ಆರಿಸಿದರೂ ನಮ್ಮ ಪ್ರತೀಕವೊಂದು ಮೂಲದ ಹಕ್ಕಿಯ ಮೇಲೆ ಕುಳಿತುಬಿಡುತ್ತದೆ.

ಧರ್ಮಶ್ರದ್ಧೆಯುಳ್ಳವರು ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು. ಶ್ರುತಿಯ ಉದ್ದೇಶ ಪ್ರಾಣಿಶಾಸ್ತ್ರವಲ್ಲ, ಮನುಷ್ಯನ ಉದ್ಧಾರ. ಆದ್ದರಿಂದ ಮೃಗಗಳಲ್ಲಿ ಉಪದೇಶವನ್ನು ಹುಡುಕುವುದೇ ಸರಿ ಎನ್ನಬಹುದು. ಪ್ರತೀಕವನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ಪ್ರತೀಕ ಪ್ರಾಣಿಯಿಂದ ಹುಟ್ಟಬೇಕು, ಪ್ರಾಣಿಯನ್ನು ನುಂಗಬಾರದು. ಮೇಲಾಗಿ ಆ ಶ್ರುತಿಯ ಧರ್ಮಶಾಸ್ತ್ರವೇ ಏಳನೆಯ ವರ್ಷದಲ್ಲಿ ಹೊಲವನ್ನು ಬೀಳುಬಿಡಬೇಕೆಂದೂ, ತಾನಾಗಿ ಬೆಳೆದದ್ದನ್ನು ಬಡವರು ತಿಂದು, ಮಿಕ್ಕದ್ದನ್ನು ಬಯಲಿನ ಮೃಗಗಳು ತಿನ್ನಬೇಕೆಂದೂ ವಿಧಿಸುತ್ತದೆ. ಪ್ರತೀಕಕ್ಕೆ ಯಾರೂ ಅನ್ನವಿಡುವುದಿಲ್ಲ, ಜೀವಕ್ಕೆ ಇಡುತ್ತಾರೆ.

ಈ ವಿವೇಚನೆಗೆ ಇಂದು ಇನ್ನೂ ಒಂದು ಕಾರಣ ಒದಗಿದೆ. ಆ ನಾಡಿನಲ್ಲಿ ಸಿಂಹವಿಲ್ಲದೆ ಶತಮಾನಗಳಾದವು. ಲಾಂಛನದಲ್ಲಿ ಮಾತ್ರ ಉಳಿಯಿತು. ಯೋಬನ ಗ್ರಂಥದಲ್ಲಿ ಪಟ್ಟಣವನ್ನು ನೋಡಿ ನಕ್ಕ ಸಿರಿಯದ ಕಾಡುಕತ್ತೆ 1920ರ ದಶಕದ ಕೊನೆಯ ಹೊತ್ತಿಗೆ ನಿರ್ವಂಶವಾಯಿತು. ಏಷ್ಯದ ಸಿಂಹ ಕಾಡಿನಲ್ಲಿ ಬದುಕಿರುವುದು ಈಗ ನಮ್ಮ ಗುಜರಾತಿನಲ್ಲಿ, ಗಿರ್ ಅರಣ್ಯದಲ್ಲಿಯೂ ಅದರ ಸುತ್ತಿನ ಸೀಮೆಯಲ್ಲಿಯೂ ಮಾತ್ರ. 2025ರ ಗಣತಿಯಲ್ಲಿ ಅವುಗಳ ಸಂಖ್ಯೆ 891. ಆ ಕಾಡುಕತ್ತೆಯ ದಾಯಾದಿಯೂ ನಮ್ಮ ಕಚ್ಛದ ಚಿಕ್ಕ ರಣ್ ಪ್ರದೇಶದ ಉಪ್ಪುನೆಲದಲ್ಲಿದೆ. ಹೀಬ್ರೂ ಕವಿಗಳು ಕಂಡುದನ್ನು ಕಣ್ಣಾರೆ ಕಾಣಬೇಕೆನ್ನುವ ವಿದ್ಯಾರ್ಥಿ ಇಂದು ಪಶ್ಚಿಮಕ್ಕೆ ಹೋಗಬೇಕಾಗಿಲ್ಲ, ಗುಜರಾತಿಗೆ ಹೋದರೆ ಸಾಕು.

ಆದುದರಿಂದ ಉಪಾಧ್ಯಾಯರಲ್ಲಿ ಒಂದು ವಿಜ್ಞಾಪನೆ. ಈ ಗ್ರಂಥದಲ್ಲಿ ಸಿಂಹವೋ ತೋಳವೋ ಎದುರಾದಾಗ ಅದು ಯಾವುದರ ಪ್ರತೀಕವೆಂದು ಮೊದಲು ಕೇಳಬೇಡಿ. ಅದು ಅಲ್ಲಿ ಏನು ಮಾಡುತ್ತಿದೆ, ಅದನ್ನು ನೋಡುತ್ತಿರುವವನು ಯಾರು, ಅವನ ಭಯವೇನು ಎಂದು ಕೇಳಿರಿ. ಕುರಿಗಾರನಿಗೆ ಒಂದು ಸಿಂಹ, ಅರಸನಿಗೆ ಒಂದು, ಸೆರೆಹೋದವನಿಗೆ ಒಂದು, ದೇವರಿಗೆ ಒಂದು. ಈ ಭೇದವನ್ನು ಮೃಗದ ವಿಷಯದಲ್ಲಿ ಕಲಿತ ವಿದ್ಯಾರ್ಥಿ ಮನುಷ್ಯರ ವಿಷಯದಲ್ಲಿಯೂ ಒಂದೇ ಮಾತಿನಿಂದ ತೀರ್ಪು ಕೊಡಲು ಸ್ವಲ್ಪ ಹಿಂಜರಿದಾನು. ಸಾಹಿತ್ಯದ ಪಾಠದಿಂದ ಇಷ್ಟಾದರೆ ಅದು ಸಣ್ಣ ಲಾಭವಲ್ಲ.